ಬಳೆಯ ಊರು, ಬಾಸಿಂಗದ ಊರು

ಮದುವೆಯ ಮನೆಗೆ ತಪ್ಪದೆ ಬರುವ ವಸ್ತುಗಳಲ್ಲಿ ಎರಡನ್ನು ಸದ್ಭಕ್ತರು ಈ ತಿಂಗಳು ನಮ್ಮೊಡನೆ ನೆನಪಿಗೆ ತಂದುಕೊಳ್ಳಬೇಕು. ಒಂದು ಹಸಿರು ಗಾಜಿನ ಬಳೆ, ಇನ್ನೊಂದು ಬಾಸಿಂಗ. ಲಗ್ನಪತ್ರಿಕೆಯ ಒಕ್ಕಣೆ, ಸೀರೆಯ ಅಂಚು, ಅಡುಗೆಯ ಪಟ್ಟಿ ಇವುಗಳ ಬಗೆಗೆ ವಾರಗಟ್ಟಲೆ ವಿಚಾರ ಮಾಡುವ ನಮ್ಮ ಮನೆತನಗಳಲ್ಲಿ, ಈ ಎರಡು ಎಲ್ಲಿ ಹುಟ್ಟಿದವು, ಯಾರ ಕೈಯಿಂದ ಹೊರಟು ಬಂದವು ಎಂದು ಕೇಳುವವರು ವಿರಳ. ಕಾಯಕದ ಹಿರಿಮೆಯನ್ನು ಸಭೆಗಳಲ್ಲಿ ಕೊಂಡಾಡುವ ಸಮಾಜಕ್ಕೆ ಈ ಪ್ರಶ್ನೆ ಸಹಜವಾಗಿ ಬರಬೇಕಾಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ, ಹೊಸದಾಗಿ ಕೈಸೇರಿದ ಸೀಮೆಗಳಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂಬುದನ್ನು ತಿಳಿದುಬರಲು ಇಂಗ್ಲಿಷರ ಕಂಪನಿ ಸರ್ಕಾರವು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ಅವನು 1800ರಲ್ಲಿ ಮದರಾಸಿನಿಂದ ಹೊರಟು, 1801ರಲ್ಲಿ ಕರಾವಳಿಯ ಭಟ್ಕಳ, ಹೊನ್ನಾವರಗಳನ್ನು ಹಾದು, ಘಟ್ಟವನ್ನೇರಿ, ಬಯಲುಸೀಮೆಯ ಮತ್ತೋಡಿಗೂ ಬಂದನು. ಈ ಮತ್ತೋಡು ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿದೆ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ಬರೆದುದೆಲ್ಲವನ್ನೂ ನಾವು ಒಪ್ಪುವುದಿಲ್ಲ. ನಮ್ಮ ಜನರ ಆಚಾರಗಳ ವಿಷಯದಲ್ಲಿ ಅವನ ಮಾತು ಅನೇಕ ಕಡೆ ಒರಟು. ಆದರೆ ಕಸುಬುದಾರನ ಮುಂದೆ ಕುಳಿತು, ಯಾವುದಕ್ಕೆ ಯಾವುದನ್ನು ಬೆರೆಸುತ್ತೀರಿ ಎಂದು ಕೇಳಿ ಬರೆದುಕೊಳ್ಳುವ ತಾಳ್ಮೆ ಅವನಿಗಿತ್ತು.

ಮತ್ತೋಡು ಗಾಜಿನ ಊರು. ಊರ ಕೋಟೆಗೋಡೆಯ ಒಳಮೈಗೆ ಹೊಂದಿಸಿ ಕಟ್ಟಿದ ಎತ್ತರದ ಜಗುಲಿಯಲ್ಲಿ ಗುಮ್ಮಟದಾಕಾರದ ಕುಲುಮೆಗಳಿದ್ದವು. ಬೇಕಾದ ಸಾಮಗ್ರಿ ಸುತ್ತಲಿನ ನೆಲದಲ್ಲಿಯೇ ದೊರೆಯುತ್ತಿತ್ತು. ಸೌಳುಮಣ್ಣನ್ನು ನೀರಿನಲ್ಲಿ ಕದಡಿ ತೆಗೆದ ಸೌಳುಪ್ಪು, ಕುಟ್ಟಿ ಪುಡಿಮಾಡಿದ ಬಿಳಿಯ ಬೆಣಚುಕಲ್ಲು, ಬಣ್ಣಕ್ಕೆ ಬೇಕಾದ ಲೋಹದ ಅಂಶ, ಇವನ್ನು ಮೂಸೆಗೆ ತುಂಬಿ ಕುಲುಮೆಯಲ್ಲಿ ಕರಗಿಸುವುದು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು ಅಲ್ಲಿ ಆಗುತ್ತಿತ್ತು. ಕಪ್ಪಿಗೆ ಎಲ್ಲಕ್ಕಿಂತ ಹೆಚ್ಚಿನ ಗಿರಾಕಿ. ಕರಗಿದ ಗಾಜಿನ ಮುದ್ದೆಯನ್ನು ಕಬ್ಬಿಣದ ಸಲಾಕೆಯ ತುದಿಗೆ ಎತ್ತಿಕೊಂಡು, ನಡುವೆ ತೂತುಮಾಡಿ ಉಂಗುರವಾಗಿಸಿ, ಶಂಕುವಿನಾಕಾರದ ಮಣ್ಣಿನ ಅಚ್ಚಿಗೆ ಹಾಯಿಸಿ ತಿರುಗಿಸಿದರೆ ಬೆಸುಗೆಯಿಲ್ಲದ ಬಳೆಯಾಯಿತು. ಅಚ್ಚಿನ ಮೇಲುಭಾಗದಲ್ಲಿ ನಿಂತರೆ ಮಗುವಿನ ಕೈಗೆ, ಕೆಳಕ್ಕೆ ಇಳಿದರೆ ತಾಯಿಯ ಕೈಗೆ. ಗಾಜು ಎಂಬ ನಮ್ಮ ಮಾತೇ ಸಂಸ್ಕೃತದ ಕಾಚದ ತದ್ಭವ. ಪದವನ್ನು ಪಳಗಿಸಿಕೊಂಡಂತೆಯೇ ಪದಾರ್ಥವನ್ನೂ ನಮ್ಮ ಜನ ಪಳಗಿಸಿಕೊಂಡಿದ್ದರು.

ಈಗ ಆ ಕುಲುಮೆಗಳು ಆರಿ ಬಹಳ ಕಾಲವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೊಹೀಮಿಯದ ಅಗ್ಗದ ಬಳೆ ಹಡಗಿನಲ್ಲಿ ಬಂದಿಳಿಯಿತು. ತರುವಾಯ ಉತ್ತರ ಪ್ರದೇಶದ ಫಿರೋಜಾಬಾದು ಇಡೀ ದೇಶದ ಬಳೆಪೇಟೆಯನ್ನು ತನ್ನದಾಗಿಸಿಕೊಂಡಿತು. ನಯದಲ್ಲಿ, ಹೊಳಪಿನಲ್ಲಿ ಮತ್ತೋಡಿನ ಬಳೆ ಅವಕ್ಕೆ ಸಾಟಿಯಾಗಲಿಲ್ಲವೆಂಬುದು ನಿಜವಿರಬಹುದು. ಆದರೆ ಬಳೆ ತೊಡುವುದನ್ನು ನಮ್ಮ ತಾಯಂದಿರು ಒಂದು ದಿನವೂ ಬಿಟ್ಟವರಲ್ಲ. ತೊಡುವವರಿದ್ದೂ ಮಾಡುವವರು ಅಳಿದರು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಮತ್ತೋಡಿನಲ್ಲಿ ನೋಡಲು ಕುಲುಮೆಯಿಲ್ಲವಾದುದರಿಂದ, ಬುಕಾನನ್ ನಡೆದ ದಾರಿಯ ಇನ್ನೊಂದು ತುದಿಗೆ, ಮದುವೆಮನೆಯ ಎರಡನೆಯ ವಸ್ತುವನ್ನು ಮಾಡುವ ಕೈಗಳು ಇನ್ನೂ ಉಳಿದಿರುವ ಕರಾವಳಿಗೆ, ಕಳೆದ ಮಾಘಮಾಸದಲ್ಲಿ ಹೋಗಿಬಂದೆವು.

ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಬಂದೆವು. ಈ ದಾರಿ ನಮ್ಮವರಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹುಬ್ಬಳ್ಳಿ, ಧಾರವಾಡಗಳ ಅರಳೆ ಎತ್ತಿನ ಮೇಲೂ ಬಂಡಿಯಲ್ಲೂ ಇದೇ ಘಟ್ಟವನ್ನಿಳಿದು ಕುಮಟೆಯ ಬಂದರಿಗೆ ಬಂದು ಹಡಗೇರುತ್ತಿತ್ತು. ಒಕ್ಕಲಿನವನೂ ಲಿಂಗಾಯತ, ವರ್ತಕನೂ ಬಹುಮಟ್ಟಿಗೆ ಲಿಂಗಾಯತ ಬಣಜಿಗ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 1865ರವರೆಗೆ, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದೆ ಹೋದಾಗ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂದಿತು. ವಿನೋದವೆಂದರೆ, ಕುಮಟೆಯಲ್ಲಿ ಒಂದು ಗಿಡವೂ ಬೆಳೆಯದ ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು! 1880ರ ದಶಕದ ಕೊನೆಗೆ ಮರ್ಮಗೋವೆಗೆ ರೈಲು ಹಾದಿ ಬಿದ್ದಿತು, ಸರಕು ಅತ್ತ ತಿರುಗಿತು, ಬಂದರು ಬಡವಾಯಿತು. ಹೆಸರು ಮಾತ್ರ ಹತ್ತಿಯ ಬೀಜದಲ್ಲಿ ಉಳಿಯಿತು.

ಕುಮಟೆಯಲ್ಲಿಯೇ ಹುಟ್ಟಿ ಕುಮಟೆಯಲ್ಲಿಯೇ ಉಳಿದ ವಿದ್ಯೆಯೆಂದರೆ ಗುಡಿಗಾರರದು. ಕುಮಟೆ, ಹೊನ್ನಾವರ, ಭಟ್ಕಳ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಸಾಗರ, ಸೊರಬ, ಈ ಊರುಗಳಲ್ಲಿ ಗುಡಿಗಾರ ಮನೆತನಗಳು ಹರಡಿಕೊಂಡಿವೆ. ಗುಡಿಗಳ ಕೆತ್ತನೆಯಿಂದ ಗುಡಿಗಾರರೆಂಬ ಹೆಸರು. ಪೋರ್ಚುಗೀಸರ ಮತಪೀಡೆಯ ಕಾಲದಲ್ಲಿ ತಮ್ಮ ಹಿರಿಯರು ಗೋವೆಯನ್ನು ಬಿಟ್ಟು ಬಂದರೆಂದು ಅವರಲ್ಲಿ ಐತಿಹ್ಯವಿದೆ. 1883ರಲ್ಲಿ ಪ್ರಕಟವಾದ ಮುಂಬಯಿ ಸರ್ಕಾರದ ಕೆನರಾ ಗ್ಯಾಸೆಟಿಯರು ಅವರ ಶ್ರೀಗಂಧದ ಮತ್ತು ದಂತದ ಕೆತ್ತನೆಯನ್ನು ವಿಶೇಷವಾಗಿ ದಾಖಲಿಸಿದೆ.

ನಾವು ಕುಳಿತದ್ದು ಒಬ್ಬ ವೃದ್ಧ ಗುಡಿಗಾರರ ಜಗುಲಿಯಲ್ಲಿ. ಹಲಗೆಗೆ ಬಿಳಿಯ ಕಾಗದ ಅಂಟಿಸಿ, ಅದರ ಮೇಲೆ ಸೀಸದ ಕಡ್ಡಿಯಿಂದ ಬಳ್ಳಿಯನ್ನು ಬರೆದು, ಬರಹದ ಅಂಚಿನಲ್ಲಿಯೇ ಉಳಿಯನ್ನು ಇಳಿಸುತ್ತಿದ್ದರು. ದಂತದ ಕೆಲಸ ಅವರ ಮನೆಯಲ್ಲಿ ನಿಂತಿದೆ. 1986ರಲ್ಲಿ ವನ್ಯಜೀವಿ ಕಾಯಿದೆಗೆ ಆದ ತಿದ್ದುಪಡಿಯಿಂದ ನಮ್ಮ ದೇಶದ ಆನೆಯ ದಂತದ ವ್ಯಾಪಾರವೂ, 1991ರ ತಿದ್ದುಪಡಿಯಿಂದ ಆಫ್ರಿಕದ ದಂತದ ವ್ಯಾಪಾರವೂ ಮುಗಿದವು. ಅದು ಮುಗಿದುದೇ ಒಳ್ಳೆಯದು. ಒಂದು ಜೀವದ ಹಲ್ಲಿನಲ್ಲಿ ಇನ್ನೊಬ್ಬರ ಮನೆಯ ಅಲಂಕಾರ ಬೇಡ. ಗಂಧದ ಕಥೆ ಬೇರೆ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅಲ್ಲಿಂದ ಮೊದಲ್ಗೊಂಡು, ರೈತನ ಹಿತ್ತಿಲಲ್ಲಿ ತಾನಾಗಿ ಬೆಳೆದ ಮರವೂ ಸರ್ಕಾರದ್ದೇ ಎಂಬ ಕಟ್ಟಳೆ 2001ರ ಕಾಯಿದೆ ತಿದ್ದುಪಡಿಯವರೆಗೆ ನಡೆಯಿತು. ತನ್ನದಲ್ಲದ ಮರವನ್ನು ಯಾರು ಕಾಯುತ್ತಾರೆ? ಕಳ್ಳರಿಗೆ ಕಾಡು ತೆರೆದಿತ್ತು, ಕಸುಬುದಾರನಿಗೆ ಉಗ್ರಾಣದ ಬಾಗಿಲು ಮುಚ್ಚಿತ್ತು. ಗಂಧ ದುಬಾರಿಯಾದಂತೆ ಗುಡಿಗಾರರು ಶಿವನೆಯ ಮರಕ್ಕೆ ಕೈಹಾಕಿದರು. ಆ ಜಗುಲಿಯ ಮೇಲೆ ಗಂಧದ ಪರಿಮಳವಿರಲಿಲ್ಲ; ಕೆತ್ತನೆ ಮಾತ್ರ ಗಂಧದ ಕಾಲದ್ದೇ.

ಒಳಮನೆಯಲ್ಲಿ ಹೆಣ್ಣುಮಕ್ಕಳು ಬೆಂಡಿನ ಕೆಲಸದಲ್ಲಿದ್ದರು. ನಾವು ಹೋದುದೇ ಇದನ್ನು ನೋಡಲು. ಬೆಂಡು ಕೆರೆಯ ಜೌಗಿನಲ್ಲಿ ಬೆಳೆಯುವ ಗಿಡ. ಹೊರಗೆ ಕಂದು ಸಿಪ್ಪೆ, ಒಳಗೆ ಹಾಲಿನಂತಹ ತಿರುಳು, ಕೈಗೆತ್ತಿಕೊಂಡರೆ ಭಾರವೇ ತಿಳಿಯದು. ಸಿಪ್ಪೆ ಹೆರೆದ ದಂಡನ್ನು ಎಡಗೈಯಲ್ಲಿ ಉರುಳಿಸುತ್ತ, ಬಲಗೈಯ ತೆಳುವಾದ ಕತ್ತಿಯನ್ನು ಅದರ ಮೈಗೆ ಒತ್ತಿ ಹಿಡಿದರೆ, ತಿರುಳು ಸುರುಳಿಸುರುಳಿಯಾಗಿ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಕತ್ತಿ ಒಂದು ಕೂದಲಿನಷ್ಟು ವಾಲಿದರೂ ಹಾಳೆ ಹರಿಯಿತು. ಆ ಹಾಳೆಯನ್ನು ಮಡಿಸಿ, ಕತ್ತರಿಸಿ, ಮಲ್ಲಿಗೆಯ ಮೊಗ್ಗು, ಕಮಲದ ಎಸಳು, ಗಿಳಿಯ ಕೊಕ್ಕು ಎಂದು ಬಿಡಿಬಿಡಿಯಾಗಿ ಮಾಡಿ, ಅಂಟಿನಿಂದ ಜೋಡಿಸಿ, ಬಣ್ಣ ಬೇಗಡೆಗಳನ್ನು ಹಚ್ಚಿದರೆ ಬಾಸಿಂಗ. ವಧುವರರ ಹಣೆಯ ಮೇಲೆ ಕಟ್ಟುವ ಈ ಹೂವು ಬಾಡುವುದಿಲ್ಲ, ಬೆವರಿಗೆ ಚುಚ್ಚುವುದಿಲ್ಲ, ಕೆಲಸ ಮುಗಿದ ಮೇಲೆ ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ. ಪೇಟೆಯಲ್ಲಿ ಈಗ ದೊರೆಯುವುದು ಥರ್ಮೋಕೋಲಿನ ಬಾಸಿಂಗ. ದೂರದಿಂದ ಅದೂ ಬೆಳ್ಳಗೆ, ಅದೂ ಹಗುರ. ಬೆಂಡನ್ನು ನೋಡಿಯೇ ಇರದ ಕಣ್ಣಿಗೆ ಎರಡೂ ಒಂದೇ.

ಹೊನ್ನಾವರದಲ್ಲಿ ಶರಾವತಿ ಕಡಲನ್ನು ಸೇರುತ್ತದೆ. ಸಮೀಪದ ಕಡಲಿನಲ್ಲಿ ಬಸವರಾಜದುರ್ಗವೆಂಬ ದ್ವೀಪಕೋಟೆ. ಅದರ ಹೆಸರನ್ನು ಕೇಳಿದರೆ ಸಾಕು, ಲಿಂಗಾಯತ ಅರಸರಾದ ಕೆಳದಿಯ ನಾಯಕರ ಆಳ್ವಿಕೆ ಇಲ್ಲಿಯವರೆಗೆ ಹಬ್ಬಿದ್ದುದು ನೆನಪಾಗುತ್ತದೆ. ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರ ಕೈಯಿಂದ ಬಿಡಿಸಿದ್ದು 1650ರ ದಶಕದಲ್ಲಿ, ಶಿವಪ್ಪನಾಯಕನ ಕಾಲದಲ್ಲಿ. 1763ರಲ್ಲಿ ಹೈದರನಿಗೆ ಸೋಲುವವರೆಗೂ ಈ ಕರಾವಳಿ ಬಹುಪಾಲು ಕೆಳದಿಯದೇ. ಗೋವೆಯಿಂದ ಬಂದವರೆಂದು ಹೇಳಿಕೊಳ್ಳುವ ಕುಶಲಕರ್ಮಿಗಳು ನೆಲೆಯೂರಿದ ಸೀಮೆಯನ್ನು ಲಿಂಗಧಾರಿಗಳು ಆಳಿದರು ಎಂಬುದು ನಮಗೆ ಸಂತೋಷದ ಸಂಗತಿ. ಆದರೆ ಅರಮನೆಯ ಅಭಿಮಾನದಿಂದ ಇಂದಿನ ಗುಡಿಗಾರನ ಒಲೆ ಉರಿಯದು.

ಇದೇ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆಯಿದೆ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರವಾದ ಮರದಲ್ಲಿ ಕೆತ್ತಿ, ಹೊಂಬಣ್ಣದ ಬೇಗಡೆ ಹೊದಿಸಿ, ನಡುನಡುವೆ ಕನ್ನಡಿಯ ಚೂರುಗಳನ್ನು ಕೂರಿಸುತ್ತಾರೆ. ರಾತ್ರಿಯ ದೀಪಕ್ಕೆ ಆ ಚೂರುಗಳು ಮಿನುಗಿದಾಗಲೇ ವೇಷಕ್ಕೆ ರಾಜಕಳೆ. ಅವುಗಳನ್ನು ನೋಡುವಾಗ ನಮಗೆ ಕನ್ನಡಿ ಕಾಯಕದ ರೇಮ್ಮವ್ವೆ, ಕನ್ನಡಿ ಕಾಯಕದ ಅಮ್ಮಿದೇವಯ್ಯ ನೆನಪಾದರು. ಹನ್ನೆರಡನೆಯ ಶತಮಾನದ ಕನ್ನಡಿ ಬಹುಮಟ್ಟಿಗೆ ಗಾಜಿನದಲ್ಲ, ಉಜ್ಜಿ ಹೊಳಪೇರಿಸಿದ ಲೋಹದ್ದು. ದಿನವೂ ಉಜ್ಜದಿದ್ದರೆ ಮುಖ ಕಾಣದು. ಊರವರಿಗೆ ಅವರ ಮುಖವನ್ನು ತೋರಿಸುವ ಕೆಲಸವನ್ನೂ ಶರಣರು ಕಾಯಕವೆಂದು ಎಣಿಸಿ, ಅದನ್ನು ಮಾಡಿದವರ ಹೆಸರಿನೊಡನೆ ಸೇರಿಸಿ ಉಳಿಸಿದರು. ಕೆಲಸವೇ ಹೆಸರಿನ ಮೊದಲ ಭಾಗ. ಇಂದಿನ ನಮ್ಮ ಲಗ್ನಪತ್ರಿಕೆಗಳಲ್ಲಿ ಹೆಸರಿನ ಮುಂದೆ ಪದವಿಗಳು ಬರುತ್ತವೆ. ಕಾಯಕ ಬರುವುದು ಕಾಣೆವು.

ಭಟ್ಕಳದಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ವಿಜಯನಗರದ ಕಾಲದಲ್ಲಿ ಅರಬೀ ಕುದುರೆಗಳು ಬಂದಿಳಿಯುತ್ತಿದ್ದ ಬಂದರು ಅದು. ಖೇತಪೈ ಎಂಬ ವರ್ತಕನು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ನಾರಾಯಣ ದೇಗುಲವನ್ನು ಮಾತ್ರ ನಿಂತು ನೋಡಿದೆವು. ಕಲ್ಲಿನ ಚಪ್ಪಡಿಗಳನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಹೊದಿಸಿ, ಗೋಡೆಯ ಬದಲಿಗೆ ಕಲ್ಲಿನ ಹಲಗೆಗಳನ್ನು ಮರದ ಹಲಗೆಗಳಂತೆಯೇ ಹೊಂದಿಸಿದ್ದಾರೆ. ಮಳೆಯ ನಾಡಿನ ಬಡಗಿಯ ವಿದ್ಯೆಯನ್ನು ಶಿಲ್ಪಿ ಕಲ್ಲಿಗೆ ಕಲಿಸಿದಂತಿದೆ.

ಲಿಂಗನಿಷ್ಠರಾದ ಕೆಲವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಗುಡಿಗಾರನು ಕೆತ್ತುವುದು ಗುಡಿಯ ತೇರನ್ನು, ಭಾದ್ರಪದದಲ್ಲಿ ಮಾಡುವುದು ಮಣ್ಣಿನ ಗಣಪನನ್ನು. ಅಂಗೈಯ ಇಷ್ಟಲಿಂಗವನ್ನು ಬಿಟ್ಟು ಬೇರೆಯದಕ್ಕೆ ಕೈಮುಗಿಯದ ನಮಗೆ ಅವನ ಚಿಂತೆ ಏಕೆ? ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಠದ ಪಾಠಶಾಲೆಯಲ್ಲಿ ಇದರ ಮೇಲೆ ದಿನಗಟ್ಟಲೆ ವಾದ ನಡೆಸಿದವರೇ ನಾವು. ಆದರೆ ಕಾಯಕಕ್ಕೆ ಬೆಲೆ ಬರುವುದು ಮಾಡಿದ ವಸ್ತುವನ್ನು ಯಾರು ಪೂಜಿಸುತ್ತಾರೆ ಎಂಬುದರಿಂದಲ್ಲ. ಮಾಡಿದವನ ದುಡಿಮೆ ಸತ್ಯಶುದ್ಧವೇ ಎಂಬುದರಿಂದ. ಮೇಲಾಗಿ ಬಾಸಿಂಗ ನಮ್ಮ ಮದುವೆಯಲ್ಲಿಯೂ ಇದೆ. ಅದನ್ನು ಕಟ್ಟಿಕೊಳ್ಳುವವರಿಗೆ ಅದನ್ನು ಮಾಡುವವನ ವಿಷಯದಲ್ಲಿ ಹೊಣೆಯಿಲ್ಲವೆಂದರೆ ನಾವು ಒಪ್ಪೆವು.

ಕುಮಟೆಯ ಆ ವೃದ್ಧರಿಗೆ ನಮ್ಮ ಹೊಗಳಿಕೆ ಅಷ್ಟಾಗಿ ರುಚಿಸಲಿಲ್ಲ. ನೋಡಿ ಕೊಂಡಾಡಿ ಹೋಗುವವರು ವರ್ಷಕ್ಕೆ ಎಷ್ಟೋ ಜನ, ಛಾಯಾಚಿತ್ರ ತೆಗೆದುಕೊಂಡು ಹೋಗುವವರು ಇನ್ನೂ ಹೆಚ್ಚು ಎಂಬುದು ಅವರ ಅಳಲು. ಲಗ್ನಕ್ಕೆ ನಾಲ್ಕು ದಿನ ಇರುವಾಗ ಬಂದು ಪೇಟೆಯ ಬೆಲೆಗೆ ಬೆಂಡಿನ ಬಾಸಿಂಗ ಕೇಳುತ್ತಾರೆ. ಆಗುವುದಿಲ್ಲವೆಂದರೆ ಥರ್ಮೋಕೋಲಿನದನ್ನು ಕೊಂಡು, ಗುಡಿಗಾರರು ಈಗ ಕೆಲಸ ಬಿಟ್ಟಿದ್ದಾರೆ ಎಂದು ಊರಲ್ಲಿ ಹೇಳುತ್ತಾರೆ. ಮತ್ತೋಡಿನ ಬಳೆಗಾರನೂ ತನ್ನ ಕೊನೆಯ ಕುಲುಮೆಯ ಮುಂದೆ ಇಂಥದೇ ಮಾತನ್ನು ಆಡಿದ್ದಿರಬೇಕು.

ಈ ವರ್ಷ ಮಕ್ಕಳ ಲಗ್ನವಿರುವ ಮನೆಗಳವರಿಗೆ ಎರಡು ಮಾತು. ಬೆಂಡು ಬೇಕೆಂದಾಗ ಹುಟ್ಟುವುದಿಲ್ಲ; ಮಳೆಗಾಲ ಮುಗಿದು ಕೆರೆಯ ನೀರು ಇಳಿದ ಮೇಲೆ ಕೊಯ್ದು ಒಣಗಿಸಿಟ್ಟದ್ದರಲ್ಲಿಯೇ ವರ್ಷದ ಕೆಲಸ ನಡೆಯಬೇಕು. ವೈಶಾಖ, ಜ್ಯೇಷ್ಠದ ಲಗ್ನಕ್ಕೆ ಪುಷ್ಯ ಕಳೆಯುವುದರೊಳಗೆ ಹೇಳಿ ಕಳುಹಿಸುವುದು ಮೇಲು. ಗುಡಿಗಾರರಿರುವ ಊರುಗಳ ಹೆಸರನ್ನು ಮೇಲೆ ಬರೆದಿದ್ದೇವೆ. ಕರಾವಳಿಯ ಮೂರೂ ಊರುಗಳಲ್ಲಿ ಕೊಂಕಣ ರೈಲು ನಿಲ್ಲುತ್ತದೆ, ಘಟ್ಟದ ಮೇಲಿನ ಊರುಗಳಿಗೆ ಬಸ್ಸಿನ ಕೊರತೆಯಿಲ್ಲ. ವಧುವರರ ಹಣೆಯ ಅಳತೆಯನ್ನು ದಾರದಲ್ಲಿ ತೆಗೆದು ಒಯ್ದರೆ ಕೆಲಸ ಸುಲಭ. ಚೌಕಾಶಿ ಮಾಡುವುದಾದರೆ ಛತ್ರದ ಬಾಡಿಗೆಯಲ್ಲಿ, ಶಾಮಿಯಾನದವನೊಡನೆ ಮಾಡಿರಿ.

ನಮ್ಮೊಡನೆ ಬಂದಿದ್ದ ಹುಬ್ಬಳ್ಳಿಯ ಶರಣೆಯೊಬ್ಬರು ಮಗಳ ಲಗ್ನಕ್ಕೆಂದು ಒಂದು ಜೋಡಿ ಬಾಸಿಂಗ ಹೇಳಿ, ಕೇಳಿದ ಬೆಲೆಯಲ್ಲಿ ಅರ್ಧವನ್ನು ಅಲ್ಲಿಯೇ ಮುಂಗಡವಾಗಿ ಇಟ್ಟು ಬಂದರು. ಬಳೆಯನ್ನು ಮಾತ್ರ ಊರಿಗೆ ಮರಳಿ ಪೇಟೆಯಲ್ಲಿ ಕೊಂಡರು. ಅಂಗಡಿಯವನನ್ನು ಕೇಳಿದರಂತೆ, ಫಿರೋಜಾಬಾದಿನವು ಎಂದನಂತೆ.