ಇಳಿಜಾರಿನಲ್ಲಿ ಕಣ್ಣನ್ನು ನಂಬಬೇಡಿ

ಮಕ್ಕಳೇ, ಕಮಲಾಪುರದ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಗೊತ್ತೇ? ತುಂಗಭದ್ರೆಯಿಂದ, ರಾಯ ಕಾಲುವೆಯ ಮೂಲಕ. ವಿಜಯನಗರದ ಅರಸರ ಕಾಲದ ಕಾಲುವೆ ಅದು. ನೀರು ಬಿಟ್ಟಾಗ ಅದರ ದಂಡೆಯ ಮೇಲೆ ನಿಂತು ನೋಡಿ. ಹಿಂದೆಯೂ ಮುಂದೆಯೂ ನೆಲ ಸಮವಾಗಿಯೇ ಕಾಣುತ್ತದೆ. ಇಳಿಜಾರು ಎಲ್ಲೂ ಇಲ್ಲ ಎಂದು ಕಣ್ಣು ಹೇಳುತ್ತದೆ. ಆದರೆ ನೀರು ನಿಲ್ಲುವುದಿಲ್ಲ, ಕೆರೆಯ ಕಡೆಗೆ ಹರಿಯುತ್ತಲೇ ಇರುತ್ತದೆ. ಹಾಗಾದರೆ ಯಾರು ಸರಿ, ಕಣ್ಣೋ ನೀರೋ? ನೀರೇ ಸರಿ. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರನ್ನು ನೀರು ಕಂಡುಹಿಡಿಯುತ್ತದೆ.

ಅದಿರು ತುಂಬಿದ ಲಾರಿಯೂ ನೀರಿನಂತೆಯೇ. ರಸ್ತೆ ಸಮವಾಗಿದೆ ಎಂದು ಚಾಲಕನ ಕಣ್ಣು ಹೇಳಿದರೂ ಇಳಿಜಾರಿದ್ದರೆ ಲಾರಿ ಓಡುತ್ತದೆ. ಅನೇಕ ಅಪಘಾತಗಳ ಮೂಲ ಇಲ್ಲಿದೆ. ಅಪಘಾತವಾದಾಗ ನಾವೆಲ್ಲ "ಬ್ರೇಕ್ ಫೇಲ್ ಆಯಿತಂತೆ" ಎಂದು ಹೇಳಿ ಸುಮ್ಮನಾಗುತ್ತೇವೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇಳಿಜಾರಿನಲ್ಲಿ ಬ್ರೇಕ್ ಕೈಕೊಡುವುದು ಕತೆಯ ಕೊನೆ. ಕತೆ ಶುರುವಾಗುವುದು ಮೇಲೆ, ಚಾಲಕ ಗೇರ್ ಆಯ್ದುಕೊಳ್ಳುವ ಜಾಗದಲ್ಲಿ. ಹೇಗೆಂದು ನೋಡೋಣ.

ಕಣ್ಣು ಏಕೆ ಮೋಸ ಹೋಗುತ್ತದೆ?

ಒಂದು ಪ್ರಯೋಗ ಮಾಡಿ. ಮೂರು ಪಾತ್ರೆಗಳಲ್ಲಿ ತಣ್ಣೀರು, ಉಗುರು ಬೆಚ್ಚಗಿನ ನೀರು ಮತ್ತು ಕೈ ತಾಳುವಷ್ಟು ಬಿಸಿಯಾದ ನೀರು ಇಡಿ. ಒಂದು ಕೈಯನ್ನು ತಣ್ಣೀರಿನಲ್ಲೂ ಇನ್ನೊಂದನ್ನು ಬಿಸಿನೀರಿನಲ್ಲೂ ಒಂದು ನಿಮಿಷ ಇಟ್ಟುಕೊಳ್ಳಿ. ಆಮೇಲೆ ಎರಡನ್ನೂ ಒಟ್ಟಿಗೆ ಮಧ್ಯದ ಪಾತ್ರೆಗೆ ಹಾಕಿ. ನೀರು ಒಂದೇ. ಆದರೂ ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಂಪು! ನಮ್ಮ ಇಂದ್ರಿಯಗಳು ಅಳೆಯುವುದಿಲ್ಲ, ಹೋಲಿಸುತ್ತವೆ.

ಕಣ್ಣೂ ಹಾಗೆಯೇ. ಕಡಿದಾದ ಇಳಿಜಾರು ಮುಗಿದು ಸ್ವಲ್ಪ ಕಡಿಮೆ ಇಳಿಜಾರು ಬಂದರೆ, ಅದು ಸಮ ನೆಲದಂತೆ ಕಾಣುತ್ತದೆ. ಕೆಲವು ಕಡೆ ಏರು ಎಂದೇ ಅನ್ನಿಸುವುದುಂಟು. ಸುತ್ತಲೂ ಬೆಟ್ಟಗಳಿದ್ದು ದಿಗಂತ ಮರೆಯಾದರೆ ಮೋಸ ಇನ್ನೂ ಹೆಚ್ಚು. ಲಡಾಖಿನ ಲೇಹ್ ಬಳಿ 'ಮ್ಯಾಗ್ನೆಟಿಕ್ ಹಿಲ್' ಎಂಬ ಜಾಗವಿದೆ. ಅಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿದ ಕಾರು ತಾನಾಗಿ ಏರು ಹತ್ತುವಂತೆ ಕಾಣುತ್ತದೆ. ಬೆಟ್ಟದಲ್ಲಿ ಅಯಸ್ಕಾಂತವಿದೆ ಎಂದು ಜನ ಹೇಳುತ್ತಾರೆ. ವಾಸ್ತವದಲ್ಲಿ ಆ ರಸ್ತೆ ಕೊಂಚ ಇಳಿಜಾರಾಗಿದೆ, ಅಷ್ಟೇ.

ಲೇಹ್‌ನಲ್ಲಿ ಇದು ಪ್ರವಾಸಿಗರಿಗೆ ತಮಾಷೆ. ಸಂಡೂರಿನ ಬೆಟ್ಟದಿಂದ ಅದಿರು ಹೊತ್ತು ಇಳಿಯುವ ಲಾರಿಗೆ ಇದು ತಮಾಷೆಯಲ್ಲ.

ಕೆಳಗೆ ತಳ್ಳುವ ಒಂದು ಟನ್

ಸಂಡೂರಿನ ಬೆಟ್ಟಗಳ ಎತ್ತರ ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್. ಹೊಸಪೇಟೆ ಸುಮಾರು 480 ಮೀಟರ್ ಎತ್ತರದಲ್ಲಿದೆ. ಬೆಟ್ಟದ ಮೇಲಿಂದ ಹೊರಟ ಲಾರಿ ಹೊಸಪೇಟೆಗೆ ಬರುವಷ್ಟರಲ್ಲಿ ಸುಮಾರು 500 ಮೀಟರ್ ಕೆಳಗೆ ಇಳಿದಿರುತ್ತದೆ.

ಒಂದು ಸುಲಭ ಲೆಕ್ಕ ಮಾಡೋಣ. ಸರಕು ಸೇರಿ ಲಾರಿಯ ತೂಕ 25 ಟನ್ ಎಂದುಕೊಳ್ಳಿ. ರಸ್ತೆ 100 ಮೀಟರ್ ಹೋದರೆ 4 ಮೀಟರ್ ಮಾತ್ರ ಇಳಿಯುತ್ತದೆ. ನೋಡಲು ಇದು ದೊಡ್ಡ ಇಳಿಜಾರೇ ಅಲ್ಲ. ಆದರೆ 25 ಟನ್ನಿನ ನೂರರಲ್ಲಿ ನಾಲ್ಕು ಪಾಲು ಎಂದರೆ ಒಂದು ಟನ್. ಅಷ್ಟು ಭಾರದ ಬಲ ಲಾರಿಯನ್ನು ಒಂದು ಕ್ಷಣವೂ ಬಿಡದೆ ಮುಂದಕ್ಕೆ ತಳ್ಳುತ್ತಿರುತ್ತದೆ. ಚಕ್ರಗಳ ಘರ್ಷಣೆ ಮತ್ತು ಗಾಳಿಯ ತಡೆ ಅದರಲ್ಲಿ ಸ್ವಲ್ಪವನ್ನು ಮಾತ್ರ ತಡೆಯಬಲ್ಲವು.

ಇದೇ ರಸ್ತೆಯಲ್ಲಿ ಎರಡೂವರೆ ಕಿಲೋಮೀಟರ್ ಸಾಗಿದರೆ ಲಾರಿ 100 ಮೀಟರ್ ಇಳಿದಿರುತ್ತದೆ. ಆಗ ಬಿಡುಗಡೆಯಾಗುವ ಶಕ್ತಿ ಎರಡೂವರೆ ಕೋಟಿ ಜೂಲ್. ಈ ಶಕ್ತಿ ಎಲ್ಲಿಯಾದರೂ ಹೋಗಲೇಬೇಕು. ಅದನ್ನೆಲ್ಲ ಬ್ರೇಕೇ ತಡೆದರೆ ಅಷ್ಟೂ ಶಾಖವಾಗುತ್ತದೆ. ಆ ಶಾಖದಿಂದ ಸುಮಾರು 85 ಲೀಟರ್, ಅಂದರೆ ಐದಾರು ಕೊಡ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಯಾರೂ ತಡೆಯದಿದ್ದರೆ ಆ ಶಕ್ತಿ ವೇಗವಾಗುತ್ತದೆ. ಘರ್ಷಣೆ ಇಲ್ಲವೆಂದುಕೊಂಡು ಲೆಕ್ಕ ಹಾಕಿದರೆ ಆ ವೇಗ ಗಂಟೆಗೆ 160 ಕಿಲೋಮೀಟರ್ ಮುಟ್ಟುತ್ತದೆ!

ಅಂಗೈಗಳನ್ನು ಜೋರಾಗಿ ಉಜ್ಜಿ ನೋಡಿ, ಬಿಸಿಯಾಗುತ್ತವೆ. ಬ್ರೇಕಿನಲ್ಲಿ ನಡೆಯುವುದೂ ಇದೇ. ಚಕ್ರದ ಜೊತೆ ತಿರುಗುವ ಕಬ್ಬಿಣದ ಡ್ರಮ್ಮಿನ ಒಳಗೆ ಬ್ರೇಕಿನ ಲೈನರ್ ಒತ್ತಿ ಉಜ್ಜುತ್ತದೆ. ಮತ್ತೆ ಮತ್ತೆ ಉಜ್ಜಿದರೆ ಎರಡೂ ಕಾಯುತ್ತವೆ. ಅತಿಯಾಗಿ ಕಾದ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಆಗ ಚಾಲಕ ಎಷ್ಟು ಒತ್ತಿದರೂ ಲಾರಿ ನಿಲ್ಲುವುದಿಲ್ಲ. ನಾವು 'ಬ್ರೇಕ್ ಫೇಲ್' ಎನ್ನುತ್ತೇವೆ. ಬ್ರೇಕಿನಲ್ಲಿ ಯಾವ ಭಾಗವೂ ಮುರಿದಿಲ್ಲದೆ ಇರಬಹುದು. ಅದು ಹೊರಲಾರದ ಕೆಲಸವನ್ನು ಅದಕ್ಕೆ ಹೊರಿಸಲಾಗಿತ್ತು.

ಗೇರ್ ಎಂಬ ಕಾವಲುಗಾರ

ಹಾಗಾದರೆ ಲಾರಿಯನ್ನು ತಡೆಯುವವರು ಯಾರು? ಎಂಜಿನ್. ಲಾರಿ ಕೆಳಗಿನ ಗೇರಿನಲ್ಲಿದ್ದರೆ, ಚಕ್ರ ಒಂದು ಸುತ್ತು ತಿರುಗಲು ಎಂಜಿನ್ನನ್ನು ಅನೇಕ ಸುತ್ತು ತಿರುಗಿಸಬೇಕು. ಎಂಜಿನ್ನಿನ ಒಳಗಿನ ಘರ್ಷಣೆಯನ್ನು ಎದುರಿಸಬೇಕು, ಗಾಳಿಯನ್ನು ಒಳಗೆಳೆದು ಹೊರದೂಡಬೇಕು. ಇಳಿಜಾರಿನ ಶಕ್ತಿ ಈ ಕೆಲಸದಲ್ಲಿ ಖರ್ಚಾಗುತ್ತದೆ. ಬ್ರೇಕ್ ತಣ್ಣಗೆ ಉಳಿದು, ನಿಜವಾಗಿ ಬೇಕಾದಾಗ ಕೆಲಸ ಮಾಡುತ್ತದೆ.

"ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ" ಎಂಬುದು ಹಳೆಯ ಚಾಲಕರ ಮಾತು. ಅದಿರು ತುಂಬಿದ್ದರೆ ಅದಕ್ಕಿಂತ ಒಂದು ಗೇರ್ ಕೆಳಗಿದ್ದರೂ ಒಳ್ಳೆಯದೇ. ಇಳಿಯಲು ಶುರು ಮಾಡುವ ಮೊದಲೇ ಗೇರ್ ಬದಲಿಸಬೇಕು. ವೇಗ ಹೆಚ್ಚಾದ ಮೇಲೆ ಕೆಳಗಿನ ಗೇರ್ ಬೀಳುವುದಿಲ್ಲ. ಹಾಕಲು ಹೋಗಿ ಲಾರಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಎಂಜಿನ್ನಿನ ತಡೆ ಪೂರ್ತಿ ಹೋಗುತ್ತದೆ.

ಡೀಸೆಲ್ ಉಳಿಯುತ್ತದೆ ಎಂದು ಬೇಕೆಂದೇ ನ್ಯೂಟ್ರಲ್ ಮಾಡುವವರೂ ಇದ್ದಾರೆ. ಇದು ತಪ್ಪು ಲೆಕ್ಕ. ಈಗಿನ ಎಂಜಿನ್ನುಗಳಲ್ಲಿ, ಗೇರ್ ಹಾಕಿಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಡೀಸೆಲ್ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಸ್ವಲ್ಪ ಡೀಸೆಲ್ ಉರಿಯುತ್ತಲೇ ಇರುತ್ತದೆ. ಎಂಜಿನ್ನನ್ನೇ ಆರಿಸಿದರೆ ಇನ್ನೂ ಅಪಾಯ. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ.

ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ದಾಟಿ ಮುಂಬಯಿಗೆ ಹೋಗುವ ಹೆದ್ದಾರಿ ಪುಣೆಯಲ್ಲಿ ಕಾತ್ರಜ್ ಸುರಂಗದಿಂದ ನವಲೆ ಸೇತುವೆಗೆ ಇಳಿಯುತ್ತದೆ. ಅಗಲವಾದ, ನುಣುಪಾದ ರಸ್ತೆ. ಘಾಟಿಯ ಹಾಗೆ ಭಯ ಹುಟ್ಟಿಸುವುದಿಲ್ಲ. ಅಲ್ಲಿಯೇ 2022ರ ನವೆಂಬರ್ 20ರಂದು ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ಚಾಲಕ ಎಂಜಿನ್ ಆರಿಸಿ ಇಳಿಸುತ್ತಿದ್ದ ಎಂದು ಪೊಲೀಸರು ಆಗ ತಿಳಿಸಿದ್ದರು. ಹದಿನಾಲ್ಕು ತಿರುವುಗಳ ಆಗುಂಬೆಯಲ್ಲಿ ಎಲ್ಲ ಚಾಲಕರೂ ಎಚ್ಚರವಾಗಿರುತ್ತಾರೆ. ಹೆದರಿಕೆ ಹುಟ್ಟಿಸದ ಇಳಿಜಾರಿನಲ್ಲೇ ಮೈಮರೆಯುವುದು.

ತಪ್ಪು ಚಾಲಕನದು ಮಾತ್ರವೇ?

ಅಲ್ಲ. ತೂಕ ಎರಡರಷ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿಯೂ ಎರಡರಷ್ಟಾಗುತ್ತದೆ. ಬ್ರೇಕ್ ಮಾತ್ರ ಅಷ್ಟೇ ಇರುತ್ತದೆ. ನಮ್ಮ ಭಾಗದಲ್ಲಿ ಅತಿಭಾರದ ಅದಿರು ಲಾರಿಗಳ ವಿಷಯವನ್ನು ಲೋಕಾಯುಕ್ತ ವರದಿಯೂ ಎತ್ತಿ ಹೇಳಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಷರತ್ತುಗಳೊಂದಿಗೆ ಗಣಿಗಳು ಮತ್ತೆ ತೆರೆದವು. ಲಾರಿಗಳು ಈಗಲೂ ಓಡುತ್ತಿವೆ. ಹೆಚ್ಚು ತುಂಬಿಸಿದವರು, ಹೆಚ್ಚು ಟ್ರಿಪ್ ಹೊಡೆಯಲು ಅವಸರ ಮಾಡಿದವರು ಮನೆಯಲ್ಲಿರುತ್ತಾರೆ. ಇಳಿಜಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕುಳಿತವನು ಚಾಲಕ.

ನಿಧಾನ ಇಳಿದರೆ ಹೊತ್ತಾಗುತ್ತದೆ ಎನ್ನುವವರಿಗೆ ನೀವೇ ಲೆಕ್ಕ ಹೇಳಬಹುದು. ಐದು ಕಿಲೋಮೀಟರ್ ಇಳಿಜಾರನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿಯಲು ಏಳೂವರೆ ನಿಮಿಷ ಬೇಕು. 20ರ ವೇಗದಲ್ಲಿ ಹದಿನೈದು ನಿಮಿಷ. ಉಳಿಯುವುದು ಏಳೂವರೆ ನಿಮಿಷ ಮಾತ್ರ. ಆದರೆ ವೇಗ ಎರಡರಷ್ಟಾದರೆ ಲಾರಿಯ ಚಲನಶಕ್ತಿ ನಾಲ್ಕರಷ್ಟಾಗುತ್ತದೆ.

ಇನ್ನೊಂದು ಕೆಲಸ ಆಗಬೇಕು. ಇಳಿಜಾರು ಶುರುವಾಗುವ ಮುಂಚೆಯೇ ಫಲಕದಲ್ಲಿ ಅಂಕಿ ಬರೆಯಬೇಕು: ನೂರಕ್ಕೆ ಎಷ್ಟು ಇಳಿಜಾರು, ಎಷ್ಟು ಕಿಲೋಮೀಟರ್ ಉದ್ದ. ಯುರೋಪಿನ ಅನೇಕ ದೇಶಗಳಲ್ಲಿ ಹೀಗೆ ಶೇಕಡಾ ಬರೆಯುತ್ತಾರೆ. 'ನಿಧಾನವಾಗಿ ಚಲಿಸಿ' ಎಂಬ ಮಾತು ಕಣ್ಣಿನ ಮೋಸವನ್ನು ತಿದ್ದುವುದಿಲ್ಲ. ಅಂಕಿ ತಿದ್ದುತ್ತದೆ.

ಇಳಿಜಾರನ್ನು ಅಳೆಯುವುದು ನಿಮಗೂ ಸಾಧ್ಯ. ಗಾರೆ ಕೆಲಸದವರು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡುವುದನ್ನು ಕಂಡಿದ್ದೀರಲ್ಲವೇ? ಶಿಕ್ಷಕರ ಜೊತೆ ಶಾಲೆಯ ಅಂಗಳದಲ್ಲಿ ಹಾಗೆಯೇ ಮಾಡಿ. ರಸ್ತೆಯ ಮೇಲೆ ಬೇಡ. ಹತ್ತು ಮೀಟರ್ ದೂರದ ಎರಡು ಜಾಗಗಳಲ್ಲಿ ಪೈಪಿನ ತುದಿಗಳನ್ನು ಎತ್ತಿ ಹಿಡಿದು, ನೆಲದಿಂದ ನೀರಿನ ಮಟ್ಟದವರೆಗೆ ಅಳೆಯಿರಿ. ವ್ಯತ್ಯಾಸ 40 ಸೆಂಟಿಮೀಟರ್ ಬಂದರೆ ಅದೇ ನೂರಕ್ಕೆ ನಾಲ್ಕರ ಇಳಿಜಾರು. ಅಳೆಯುವ ಮೊದಲು ಕಣ್ಣಂದಾಜು ಬರೆದಿಟ್ಟುಕೊಂಡು, ಆಮೇಲೆ ಹೋಲಿಸಿ.

ನಿಮ್ಮಲ್ಲಿ ಕೆಲವರ ಅಪ್ಪ, ಚಿಕ್ಕಪ್ಪ, ಮಾವ ಲಾರಿ ನಡೆಸುತ್ತಿರಬಹುದು. ಮನೆಗೆ ಬಂದಾಗ "ಬೆಟ್ಟ ಇಳಿಯುವಾಗ ಯಾವ ಗೇರ್ ಹಾಕುತ್ತೀರಿ?" ಎಂದು ಕೇಳಿ. ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ ಕಲಿಯಿರಿ. ನೀವು ಕೇಳಿದ್ದು ಮರುದಿನ ಇಳಿಜಾರಿನ ತುದಿಯಲ್ಲಿ ಅವರಿಗೆ ನೆನಪಾದರೆ ಅಷ್ಟೇ ಸಾಕು.