ಕಡಲ ಗಾಳ, ಹೊಳೆಯ ಮೀನು

ಗಾಳದ ಹವ್ಯಾಸವುಳ್ಳ ತರುಣರು ಈಚೆಗೆ ಕೇಳುತ್ತಿರುವ ಪ್ರಶ್ನೆಯೊಂದುಂಟು. ಕಡಲಿನಲ್ಲಿ 'ಜಿಗ್' ಎಂಬ ಸೀಸದ ಹುಸಿಮೀನನ್ನು ಕುಣಿಸಿ ಬೇಟೆಯಾಡುವ ವಿದ್ಯೆಯನ್ನು ಸಿಹಿನೀರಿಗೂ ತರಬಹುದೆ? ಅಮೆರಿಕದ ಸರೋವರಗಳಲ್ಲಿ ಬಾಸ್ ಮೀನನ್ನು ಹೀಗೆ ಹಿಡಿಯುತ್ತಾರಂತೆ. ಹಾಗಾದರೆ ನಮ್ಮ ಕಕ್ಕಿಂಜೆಯ ಹೊಳೆಯಲ್ಲಿ ಏಕಾಗಬಾರದು? ಎಲೆಯ ಮೇಲೆ ಮೀನು ಬಡಿಸದ ಮನೆಯ ವಾಚಕರು ಪುಟವನ್ನು ತಿರುವಿಬಿಡಬಾರದಾಗಿ ಬೇಡಿಕೆ. ಮಾತು ಕೊನೆಗೆ ಹೊಳೆಯ ಕಡೆಗೇ ಹರಿಯಲಿದೆ.

ಮೊದಲು ಕಡಲಿನ ಪದ್ಧತಿಯನ್ನು ನೋಡೋಣ. ಕರಾವಳಿಯಿಂದ ದೂರ, ಮೂವತ್ತು ಮೀಟರಿಗೂ ಮಿಗಿಲಾದ ಆಳದಲ್ಲಿ ದೋಣಿ ನಿಲ್ಲಿಸಿ, ನೂರು ಇನ್ನೂರು ಗ್ರಾಂ ತೂಕದ ಜಿಗ್ಗನ್ನು ನೇರವಾಗಿ ತಳಕ್ಕೆ ಇಳಿಬಿಡುತ್ತಾರೆ. ಬಳಿಕ ಕೋಲನ್ನು ಎತ್ತುತ್ತ, ದಾರವನ್ನು ಸುತ್ತುತ್ತ ಅದನ್ನು ಮೇಲಕ್ಕೆ ಕುಣಿಸುತ್ತಾರೆ. ಅಂಜಲ್ ಮೀನು ವೇಗಕ್ಕೆ ಮರುಳಾಗುವುದು. ಬಂಡೆಯ ಸಂದಿಯ ಮುರುಮೀನು ನಿಧಾನಕ್ಕೆ. ಜಪಾನಿನವರು ಇದನ್ನೊಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದಾರೆ. ಆ ಶಾಸ್ತ್ರದ ಸಾರವೆಂದರೆ, ಜಿಗ್ ಏರುವಾಗ ಮೀನಿನ ಕಣ್ಣನ್ನು ಸೆಳೆಯುತ್ತದೆ, ಬೀಳುವಾಗ ಬಾಯನ್ನು ತೆರೆಸುತ್ತದೆ. ಗಾಯಗೊಂಡ ಮರಿಯಂತೆ ಅದು ಹೊರಳುತ್ತ ಇಳಿಯುವ ಆ ಒಂದೆರಡು ಕ್ಷಣಗಳಲ್ಲೇ ಬಹುಪಾಲು ಮೀನುಗಳು ಎರಗುವುದು.

ಈ ತಿಳಿವಳಿಕೆಗೆ ಉಪ್ಪು, ಸಿಹಿ ಎಂಬ ಭೇದವಿಲ್ಲ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಮಾತ್ರ ಭಾರ. ಸೀಸಕ್ಕೆ ಅದು ಲೆಕ್ಕಕ್ಕೇ ಬಾರದು. ಬದಲಾಗುವುದು ಆಳ. ಅಮೆರಿಕದ ಜಲಾಶಯಗಳಲ್ಲಿ ಚಳಿಗಾಲಕ್ಕೆ ಬಾಸ್ ಮೀನುಗಳು ಹತ್ತು ಹದಿನೈದು ಮೀಟರು ಕೆಳಗಿಳಿದು ಗುಂಪುಗೂಡುತ್ತವೆ. ಆಗ ಅರ್ಧ ಔನ್ಸಿನಿಂದ ಒಂದು ಔನ್ಸಿನ ಲೋಹದ ಚಮಚೆಯನ್ನು ದೋಣಿಯ ಕೆಳಗೇ ಇಳಿಬಿಟ್ಟು ಮೊಳದಷ್ಟು ಎತ್ತಿ ಬಿಡುವವನು ಬರಿಗೈಯಲ್ಲಿ ಮರಳುವುದು ವಿರಳ. ಆದ್ದರಿಂದ ವಿದ್ಯೆ ನಿಜ, ಉಪಯೋಗವೂ ನಿಜ. ತೂಕವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಬೇಕು, ತೋಳಿನ ಆರ್ಭಟವನ್ನು ಅದಕ್ಕಿಂತಲೂ ಇಳಿಸಬೇಕು. ಒಂದು ಎಚ್ಚರಿಕೆಯೂ ಉಂಟು: ಬಾಸ್ ಮೀನಿನ ಗಾಳಿಚೀಲಕ್ಕೆ ಬಾಯಿಯ ಕಡೆ ದಾರಿಯಿಲ್ಲ. ಆಳದಿಂದ ಸರಕ್ಕನೆ ಎಳೆದರೆ ಚೀಲ ಉಬ್ಬಿ, ನೀರಿಗೆ ಮರಳಿ ಬಿಟ್ಟರೂ ಅದು ಮುಳುಗಲಾರದೆ ತೇಲುವುದು.

ಇನ್ನು ಕಕ್ಕಿಂಜೆಗೆ ಬರೋಣ. ಮಂಗಳೂರಿನಿಂದ ಉಜಿರೆಯ ಮೇಲೆ ಚಾರ್ಮಾಡಿ ಘಾಟಿಗೆ ಹೋದವರು ಈ ಪುಟ್ಟ ಪೇಟೆಯನ್ನು ಬಲ್ಲರು. ಘಟ್ಟದಿಂದಿಳಿದು ಬರುವ ಮೃತ್ಯುಂಜಯಾ ಹೊಳೆ ಈ ಸೀಮೆಯಲ್ಲೇ ಹಾದು ನೇತ್ರಾವತಿಯನ್ನು ಸೇರುತ್ತದೆ. ಹೆಸರಿಗೆ ಮೃತ್ಯುವನ್ನು ಗೆದ್ದವಳಾದರೂ ಬೇಸಗೆಯಲ್ಲಿ ಈ ಹೊಳೆ ಬಲು ಬಡವಿ! ಆಟಿಯಲ್ಲಿ ಬಂಡೆಗಳನ್ನೇ ಉರುಳಿಸುವ ನೀರು ಫಾಲ್ಗುಣ ಕಳೆಯುವ ಹೊತ್ತಿಗೆ ಮೊಣಕಾಲಿಗೂ ಬಾರದು. 2019ರ ಆಗಸ್ಟಿನ ಮಹಾನೆರೆಯಲ್ಲಂತೂ ಘಟ್ಟ ಕುಸಿದು ಮರಗಳೂ ಮರಳೂ ಹೊಳೆಯ ಪಾತ್ರಕ್ಕೆ ಬಂದು ಬಿದ್ದವು. ಇಂಥ ಕಡೆ ನೂರು ಗ್ರಾಂ ಜಿಗ್ಗನ್ನೆಸೆದವನಿಗೆ ದಕ್ಕುವುದು ಕಲ್ಲು, ಬೇರು, ಹರಿದ ದಾರ.

ಬಾಸ್ ಮೀನು ಇಲ್ಲಿ ಇಲ್ಲವೇ ಇಲ್ಲ. ಕೆಸರು, ಕಳೆಗಳ ನಡುವೆ ಹೊಂಚುವ ಕೊರವ ಮೀನು, ತುಳುವರ ಮಡೆಂಜಿ, ಸ್ವಭಾವದಲ್ಲಿ ಅದಕ್ಕೆ ಹತ್ತಿರ. ಆದರೆ ಅದು ನೀರಿನ ಮೇಲ್ಮೈಯ ಕಪ್ಪೆಗೆ ಹಾರುವ ಜಾತಿ, ತಳದ ಸೀಸವನ್ನು ಕೇಳುವುದಲ್ಲ. ಜಿಗ್ ಕುಣಿಸಲು ತಕ್ಕ ಆಳ ಸಿಗುವುದು ಬೇಸಗೆಯ ಗುಂಡಿಗಳಲ್ಲಿ ಮಾತ್ರ. ನೇತ್ರಾವತಿಯ ಕವಲುಗಳ ಮಹಶೀರ್ ಮೀನುಗಳು, ನಮ್ಮ ಜನ ದೇವರ ಮೀನೆನ್ನುವವು, ಮಳೆ ಬರುವ ತನಕ ಜೀವ ಹಿಡಿದುಕೊಂಡಿರುವುದೂ ಅಲ್ಲೇ. ತೊಡಕು ಇಲ್ಲಿದೆ. ಹೊಳೆಯ ಮೀನೆಲ್ಲ ಒಂದು ಕೋಣೆಯಷ್ಟು ನೀರಿಗೆ ಸೇರಿರುವಾಗ ಮೂರು ಮೊನೆಯ ಕೊಕ್ಕೆಯನ್ನು ಮೇಲೆ ಕೆಳಗೆ ಜಗ್ಗಿದರೆ ಅದು ಬಾಯಿಗೆ ಸಿಕ್ಕುವುದಕ್ಕಿಂತ ಹೊಟ್ಟೆಗೆ, ಬೆನ್ನಿಗೆ ಸಿಕ್ಕುವುದೇ ಹೆಚ್ಚು. ಅದನ್ನು ಜಾಣತನವೆನ್ನಲು ನನ್ನ ಲೇಖನಿ ಒಪ್ಪದು.

ಈ ಜಿಲ್ಲೆಗೆ ಗಾಳದ ವಿದ್ಯೆ ಹೊಸತೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸರ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದುದು ಮಂಗಳೂರಿನಲ್ಲೇ. ಮಹಶೀರ್ ಅದರ ನಾಯಕ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು. ಅಂಥ ಮೀನು ಇಂದು ಕಥೆಯಾಗಿದೆ. ಇದೇ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ದೇವಸ್ಥಾನದ ಮುಂದೆ, ಭಕ್ತರ ಕೈತುತ್ತಿಗೆ ಮೀನುಗಳು ಹಿಂಡುಗೂಡಿ ಬರುವುದನ್ನು ಮಕ್ಕಳಿಗೆ ತೋರಿಸಿಕೊಂಡು ಬನ್ನಿ. 1996ರಲ್ಲಿ ಯಾರೋ ಪಾಪಿಗಳು ಅಲ್ಲಿಯ ನೀರಿಗೆ ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದರು. ಊರವರು ಅವಕ್ಕೆ ಸ್ಮಾರಕವನ್ನೇ ಕಟ್ಟಿಸಿದ್ದಾರೆ.

ಹೊಳೆಯಲ್ಲೇ ಆಡಬೇಕೆನ್ನುವವರು ಸರಕಾರದ ಅನುಮತಿಯನ್ನು ವಿಚಾರಿಸಿಕೊಂಡು, ಮಳೆ ಹಿಂದೆಗೆದ ಮೇಲೆ, ಹರಿವು ಇನ್ನೂ ಇರುವ ಕಾರ್ತಿಕ, ಮಾರ್ಗಶಿರಗಳಲ್ಲಿ ಹೋಗಲಿ. ಹತ್ತು ಗ್ರಾಂ ಮೀರದ ಚಮಚೆ, ಮುಳ್ಳು ತೇಯ್ದ ಒಂದೇ ಕೊಕ್ಕೆ, ಓರೆಯಾಗಿ ಎಸೆದು ಹರಿವಿನೊಡನೆ ಬೀಳಗೊಡುವ ತಾಳ್ಮೆ. ಕಡಲಿನಿಂದ ತರಬೇಕಾದುದು ಇಷ್ಟೆ. ಸಿಕ್ಕಿದ ಮಹಶೀರನ್ನು ನೀರಿನಿಂದೆತ್ತದೆ ಕೊಕ್ಕೆ ಬಿಡಿಸಿ ಬಿಟ್ಟುಬಿಡಲಿ. ಮಾಘದಿಂದ ಮೊದಲ ಮಳೆಯ ತನಕ ಗುಂಡಿಗಳ ತಂಟೆಗೆ ಹೋಗಬಾರದು. ಸೀಸದ ಜಿಗ್ಗುಗಳನ್ನು ಆಗ ಮಲ್ಪೆಯ ದೋಣಿಗೆ ಒಯ್ಯಬಹುದು.