ಡೊಳ್ಳಿಗೆ ಗೆರಿ ಹೊಂದಸ್ರಿ, ಗೆರಿಗೆ ಡೊಳ್ಳಲ್ಲ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಈಗ ಯಾವ ಕೆಲಸಕ್ಕ ಬೈಯಾಕ ಹೊಂಟೀನೋ, ಅದನ್ನ ನಾನೂ ಮಾಡೀನಿ. ಹುಬ್ಬಳ್ಳಿಯ ಒಂದು ಸಣ್ಣ ಸ್ಟುಡಿಯೋದಾಗ ಆರು ವರ್ಷ ಮೌಸ್ ಹಿಡಿದು, ಮಂದಿ ಬಾರಿಸಿದ ತಾಳ ತಿದ್ದೀನಿ.

ಕೆಲಸ ಹಿಂಗಿರತೈತಿ. ಆರು ಡೊಳ್ಳಿಗೆ ಆರು ಮೈಕು, ಇಡೀ ಮೇಳಕ್ಕ ಎರಡು. ಒಟ್ಟು ಎಂಟು ಟ್ರ್ಯಾಕ್. ಪರದೆ ಮ್ಯಾಲೆ ಪ್ರತಿ ಪೆಟ್ಟೂ ಮುಳ್ಳಿನಂಗ ಎದ್ದು ಕಾಣತೈತಿ, ಅದರ ಹಿಂದ ಸಮಯದ ನೆಟ್ಟನೆಯ ಗೆರಿಗಳು. ನಿಮಿಷಕ್ಕ 120ರ ವೇಗ ಅಂದ್ರ ಅರ್ಧ ಸೆಕೆಂಡಿಗೆ ಒಂದು ಗೆರಿ. ಯಾವ ಪೆಟ್ಟು ಹತ್ತಿಪ್ಪತ್ತು ಮಿಲಿಸೆಕೆಂಡ್ ಆಚೀಚೆ ಐತೋ ಅದನ್ನ ಕತ್ತರಿಸಿ, ಎಳೆದು, ಗೆರಿ ಮ್ಯಾಲೆ ಕೂರಿಸಿ, ಜೋಡಿಸಿದ್ದು ಕೇಳದಂಗ ಮಾಡೋದು. ಈಗ ಅಷ್ಟೂ ಬೇಕಾಗಿಲ್ಲ. ‘ಕ್ವಾಂಟೈಜ್’ ಒತ್ತಿದ್ರ ಎಲ್ಲಾ ಪೆಟ್ಟೂ ಡ್ರಿಲ್ ಮಾಸ್ತರ ಮುಂದ ನಿಂತ ಹುಡುಗರಂಗ ಸಾಲಿಗೆ ಬರತಾವ.

ಒಮ್ಮೆ ಧಾರವಾಡ ಕಡೆ ಹಳ್ಳಿಯೊಂದರ ಡೊಳ್ಳಿನ ಮೇಳ ಬಂದಿತ್ತು. ರೆಕಾರ್ಡ್ ಹಚ್ಚಿ ಒಂದು ಕಾರ್ಯಕ್ರಮದಾಗ ಅವರು ಕುಣಿಯಬೇಕಿತ್ತು. ಅರ್ಧ ತಾಸು ಬಾರಿಸಿ ಹೋದರು. ನಾನು ಎರಡು ರಾತ್ರಿ ಕುಂತು ತಿದ್ದಿದೆ. ಮೇಳದ ಹಿರಿಯ ಕಾಕಾ ಬಂದು ಕೇಳಿದರು. ಎದ್ದು ನಾಕು ಹೆಜ್ಜಿ ಹಾಕಿ ನಿಂತುಬಿಟ್ಟರು.

“ತಮ್ಮಾ, ಪೆಟ್ಟೆಲ್ಲಾ ಸರಿ ಅದಾವ. ಆದ್ರ ಕಾಲು ಏಳವಲ್ದಲ್ಲೋ.”

ಹಳೆ ಟ್ರ್ಯಾಕ್ ತಗದು ನೋಡಿದೆ. ಜಿಗಿದು ಕೆಳಗ ಬರೋ ಹೊತ್ತಿನ ಪೆಟ್ಟು ಗೆರಿಗಿಂತ ಒಂಚೂರು ತಡ ಇತ್ತು. ತಪ್ಪೇ ಆಗಿದ್ದರ ಒಮ್ಮೆ ಮುಂದ, ಒಮ್ಮೆ ಹಿಂದ ಬೀಳಬೇಕಿತ್ತು. ಇದು ಪ್ರತಿ ಸುತ್ತಿನಾಗೂ ಅದೇ ಜಾಗಾದಾಗ, ಹೆಚ್ಚುಕಡಿಮಿ ಅಷ್ಟೇ ತಡ. ಮೈ ನೆಲಕ್ಕ ಬರಾಕ ಹಿಡಿಯೋ ಹೊತ್ತು ಅದು. ಅದನ್ನೇ ನಾನು ಎರಡು ರಾತ್ರಿ ನಿದ್ದಿಗೆಟ್ಟು ಅಳಿಸಿದ್ದೆ.

“ಎಲ್ಲಾರೂ ಒಂದೇ ಸಲ ಬಡೀಬೇಕಲ್ರಿ” ಅಂತೀರಿ. ಯಾರ ಕಿವಿಗೆ ಒಂದೇ ಸಲ? ಗಾಳ್ಯಾಗ ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತೈತಿ. ಏಳು ಮೀಟರ್ ಅಗಲದ ಸುತ್ತಿನಾಗ ಎದುರಿಗೆ ನಿಂತವನ ಪೆಟ್ಟು ನನಗ ಮುಟ್ಟಾಕ 20 ಮಿಲಿಸೆಕೆಂಡ್ ಬೇಕು. ಎಲ್ಲಾರಿಗೂ ಒಂದೇ ಆಗೋ ಗೆರಿ ಪರದೆ ಮ್ಯಾಲೆ ಮಾತ್ರ ಐತಿ. ಹೋಳಿ ಹುಣ್ಣಿಮಿಗೆ ಹುಬ್ಬಳ್ಳಿ ಓಣ್ಯಾಗ ಜಗ್ಗಲಗಿ ಕೇಳಿ ಮೈ ಝುಂ ಅಂದಾಗ ಯಾರಾದರೂ ಗೆರಿ ಹುಡುಕ್ಯಾರೇನು?

ಇನ್ನೂ ಕೆಟ್ಟದ್ದು ಮುಂದೈತಿ. ಒಬ್ಬನ ಮೈಕಿನಾಗ ಪಕ್ಕದವನ ಡೊಳ್ಳೂ ಬೀಳತೈತಿ. ಒಂದೇ ಟ್ರ್ಯಾಕ್ ಸರಿಸಿದ್ರ ಒಂದು ಪೆಟ್ಟು ಎರಡಾಗಿ ಕೇಳತೈತಿ, ಇಲ್ಲಾ ದನಿ ಸೊರಗತೈತಿ. ಅದಕ್ಕ ಜಾಣರು ಮೇಳನ್ನೇ ಒಡೀತಾರ. ಒಬ್ಬೊಬ್ಬರನ್ನೇ ಕೋಣ್ಯಾಗ ನಿಲ್ಲಿಸಿ, ಕಿವಿಗೆ ಟಿಕ್ ಟಿಕ್ ಹಚ್ಚಿ ಬಾರಿಸ್ತಾರ. ಕಡಿಗೆ ಒಬ್ಬನನ್ನೇ ಆರು ಸಲ ಬಾರಿಸಿ ಐದು ಮಂದಿ ಪಗಾರ ಉಳಿಸೋದು. ಇಷ್ಟು ಮಾಡಿ “ಕ್ವಾಲಿಟಿ ಸಲುವಾಗಿ” ಅಂತ ಬ್ಯಾರೆ ಹೇಳೋದು! ರೊಕ್ಕದ ಲೆಕ್ಕಕ್ಕ ಸಂಗೀತದ ಹೆಸರು ಯಾಕ?

ಇದೇ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಹಾಡಿದ 78 ಆರ್‌ಪಿಎಂ ತಟ್ಟೆಗಳು ಒಂದು ಬದಿಗೆ ಸುಮಾರು ಮೂರು ನಿಮಿಷದವು. ಹಾಡು, ತಬಲಾ ಎಲ್ಲಾ ಒಟ್ಟಿಗೆ, ಒಂದೇ ಉಸಿರಿಗೆ. ಆಮೇಲೆ ಕತ್ತರಿಸಿ ಜೋಡಿಸಾಕ ದಾರಿನೇ ಇರಲಿಲ್ಲ. ತಿದ್ದೋದೆಲ್ಲಾ ಮೊದಲೇ, ರಿಯಾಜಿನಾಗ ಮುಗಿದಿರತಿತ್ತು.

ಹಂಗಂತ ಸಾಫ್ಟ್‌ವೇರ್ ಬ್ಯಾಡ ಅನ್ನಂಗಿಲ್ಲ. ಕೋಲು ಜಾರಿದ್ರ ಇನ್ನೊಂದು ಸುತ್ತಿನಿಂದ ಒಳ್ಳೆ ಪೆಟ್ಟು ತಂದು ಹಾಕ್ರಿ, ಎಂಟೂ ಟ್ರ್ಯಾಕ್ ಒಟ್ಟಿಗೆ ಕತ್ತರಿಸಿ. ಕೀಬೋರ್ಡ್ ಕೂಡಿಸಬೇಕಂದ್ರ ಬಾರಿಸಿದ ಪೆಟ್ಟಿನಿಂದಲೇ ಗೆರಿ ಎಳಿಯೋ ಅನುಕೂಲ ಅದರಾಗೇ ಐತಿ. ಕೀಬೋರ್ಡ್ ಡೊಳ್ಳಿನ ಹಿಂದ ಬರಲಿ. ನಿಮಗ ಒಂದೆರಡು ತಾಸು ಹೆಚ್ಚಿಗಿ ಕೆಲಸ, ಅಷ್ಟೇ.

ಪುಣ್ಯಕ್ಕ ಆ ಮೇಳದ ಮೂಲ ನನ್ನ ಕಡೆ ಇತ್ತು, ಅದನ್ನೇ ಕೊಟ್ಟು ಕಳಿಸಿದೆ. ಈ ಧಂಧೆದಾಗ ಇರೋ ತಮ್ಮಂದಿರಿಗೆ ನಂದೊಂದೇ ಮಾತು: ಮೂಲ ಅಳಿಸಬ್ಯಾಡ್ರಿ. ತಿದ್ದಿದ ಮ್ಯಾಲೆ ಬಾರಿಸಿದವರನ್ನ ಕರದು ಕೇಳಸ್ರಿ. ಅವರ ಕಾಲು ಎದ್ದರ ಕೆಲಸ ಮುಗೀತು. ಏಳಲಿಲ್ಲಂದ್ರ ಅನ್‌ಡೂ ಒತ್ರಿ.